ಸಫಾರಿಯ ನೋಟ ಮತ್ತು ಅಹಿಂಸೆಯ ಪ್ರಶ್ನೆ

ಬೆಳಗಿನ ಜಾವ ನಗರ ಬಿಟ್ಟು, ಕಾಡು ನೋಡಿಕೊಂಡು, ರಾತ್ರಿ ಊಟದ ಹೊತ್ತಿಗೆ ಮನೆ ಸೇರುವ ಒಂದು ದಿನದ ಸಫಾರಿ ಇಂದು ಮೈಸೂರು, ಬೆಂಗಳೂರಿನವರಿಗೆ ತೀರ ಪರಿಚಿತವಾದ ಪ್ರವಾಸ. ಬಂಡೀಪುರ ಮೈಸೂರಿನಿಂದ ಸುಮಾರು 80 ಕಿ.ಮೀ., ಬೆಂಗಳೂರಿನಿಂದ ಸುಮಾರು 220 ಕಿ.ಮೀ. ದೂರದಲ್ಲಿದೆ. ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂದು ಟಿಕೆಟ್ ಪಡೆದವರನ್ನು ಬಸ್ಸು ಅಥವಾ ಜೀಪು ಗೊತ್ತುಪಡಿಸಿದ ದಾರಿಗಳಲ್ಲಿ ಸುತ್ತಿಸಿ ಕರೆತರುತ್ತದೆ. ಯಾರೂ ಕೆಳಗೆ ಇಳಿಯುವಂತಿಲ್ಲ, ತಿಂಡಿ ಎಸೆಯುವಂತಿಲ್ಲ, ಕೂಗಾಡುವಂತಿಲ್ಲ. ಪ್ರಾಣಿಯನ್ನು ಮುಟ್ಟುವ, ಹಿಡಿಯುವ, ಕೊಲ್ಲುವ ಮಾತೇ ಇಲ್ಲ, ನೋಡುವುದಷ್ಟೇ. ಇದರಲ್ಲಿ ಧರ್ಮಾಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು. ಆದರೆ ಹಿಂಸೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಈ ನಾಡಿನ ಚಿಂತನೆ, ಅದರಲ್ಲೂ ಜೈನ ಪರಂಪರೆ, ಬಹಳ ಸೂಕ್ಷ್ಮವಾಗಿ ವಿಚಾರಿಸಿದೆ. ಆ ವಿಚಾರದ ಮುಂದೆ "ನೋಡುವುದಷ್ಟೇ" ಎಂಬ ಸಮಾಧಾನ ಸುಲಭಕ್ಕೆ ನಿಲ್ಲುವುದಿಲ್ಲ.

ಕಾಡುಪ್ರಾಣಿಯನ್ನು ನೋಡುವ ಖುಷಿಗೂ ಅದನ್ನು ಗೆಲ್ಲುವ ಖುಷಿಗೂ ಹಳೆಯ ನಂಟಿದೆ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. ಅತ್ತ ಕಾಕನಕೋಟೆಯಲ್ಲಿ ಕಾಡಾನೆಗಳ ಹಿಂಡನ್ನು ತಮಟೆ, ಬೆಂಕಿ, ಬೊಬ್ಬೆಗಳಿಂದ ಹೆದರಿಸಿ ಕಬಿನಿ ಹೊಳೆಗೆ ಇಳಿಸಿ ಭದ್ರ ಬೇಲಿಯ ಆವರಣಕ್ಕೆ ಅಟ್ಟುವ ಖೆಡ್ಡಾ ನಡೆಯುತ್ತಿತ್ತು. ಆನೆ ಹಿಡಿಯುವುದರ ಜೊತೆಗೆ ಅದು ನೋಡುವ ಸಂಭ್ರಮವೂ ಆಗಿತ್ತು. ದೊಡ್ಡ ಅತಿಥಿಗಳು ಬಂದಾಗ ಖೆಡ್ಡಾ ತೋರಿಸುವುದು ಸಂಸ್ಥಾನದ ಆತಿಥ್ಯದ ಭಾಗವೇ ಆಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು. ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದದ್ದು ಹೀಗೆ. ಇದನ್ನು ಸಣ್ಣ ಬದಲಾವಣೆ ಎನ್ನುವಂತಿಲ್ಲ. 2022ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಅಂದಾಜು 563. ಕೊಲ್ಲುವುದನ್ನು ನಿಲ್ಲಿಸದೆ ಈ ಸಂಖ್ಯೆ ಸಾಧ್ಯವೇ ಇರಲಿಲ್ಲ.

ಅಮೆರಿಕದ ಪರಿಸರ ಚಿಂತಕ ಆಲ್ಡೊ ಲಿಯೊಪೋಲ್ಡ್, 1949ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ, ಕಾಡಿನಿಂದ ಜನ ಹೊತ್ತು ತರುವ ಗುರುತುಗಳ ಸಾಲಿನಲ್ಲಿ ಬೇಟೆಯ ಕೊಂಬಿನ ಜೊತೆ ಫೋಟೋವನ್ನೂ ಸೇರಿಸಿದ. "ನಾನು ಅಲ್ಲಿದ್ದೆ, ನನಗದು ಸಿಕ್ಕಿತು" ಎಂದು ಸಾರುವ ಕೆಲಸವನ್ನು ಎರಡೂ ಮಾಡುತ್ತವೆ ಎಂಬುದು ಅವನ ತರ್ಕ. ಆದರೆ ಫೋಟೋದಿಂದ ಕಾಡು ಸವೆಯುವುದಿಲ್ಲ ಎಂದೂ ಅವನು ಒಪ್ಪಿದ. ಅವನ ಕಾಲಕ್ಕೆ ಆ ಮಾತು ಸರಿ. ಒಂದೇ ಹುಲಿಯ ಮುಂದೆ ದಿನಕ್ಕೆ ಎರಡು ಹೊತ್ತು ವಾಹನಗಳು ಸಾಲುಗಟ್ಟುವ ಕಾಲವನ್ನು ಅವನು ನೋಡಿರಲಿಲ್ಲ.

ಕೊಲ್ಲದಿದ್ದ ಮಾತ್ರಕ್ಕೆ ಹಿಂಸೆ ಇಲ್ಲ ಎನ್ನಬಹುದೇ? ಇದಕ್ಕೆ ಕನ್ನಡದಲ್ಲಿ ಸಿಗುವ ಅತಿ ಕಟುವಾದ ಉತ್ತರ ಜನ್ನ ಕವಿಯದು. 13ನೇ ಶತಮಾನದ ಆರಂಭದ ಅವನ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ದೇವಿಯ ಮುಂದೆ ಕಡಿಯುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡುಗಳಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಕೈಯಲ್ಲಿದ್ದದ್ದು ಹಿಟ್ಟು, ಮನಸ್ಸಿನಲ್ಲಿದ್ದದ್ದು ಬಲಿ. ಸಂಕಲ್ಪವೇ ಹಿಂಸೆ ಎಂಬ ಈ ನಿಲುವು ಇಂದಿನ ಓದುಗರಿಗೆ ಅತಿ ಎನಿಸಬಹುದು. ಆದರೂ ಅದು ಒಂದು ವಿಷಯವನ್ನು ಖಚಿತಪಡಿಸುತ್ತದೆ: ಗಾಯ ಆಗಿದೆಯೋ ಇಲ್ಲವೋ ಎಂದು ನೋಡಿದ ಮಾತ್ರಕ್ಕೆ ಹಿಂಸೆಯ ಲೆಕ್ಕ ಮುಗಿಯುವುದಿಲ್ಲ.

ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಇದಕ್ಕೆ ಇನ್ನೊಂದು ಅಂಶ ಸೇರಿಸುತ್ತದೆ. ಅದರ ಪ್ರಕಾರ ಹಿಂಸೆಯ ಬೇರು ಪ್ರಮಾದದಲ್ಲಿ, ಅಂದರೆ ಎಚ್ಚರಗೇಡಿತನದಲ್ಲಿದೆ. ರಾಗದ್ವೇಷಗಳಿಗೆ ಸಿಕ್ಕಿ ಎಚ್ಚರ ತಪ್ಪಿದ ಮನಸ್ಸು ಮಾಡುವ ಪ್ರಾಣಘಾತವೇ ಹಿಂಸೆ. ಆದ್ದರಿಂದಲೇ ಜೈನ ಮುನಿಗಳ ನಡೆಗೂ ಒಂದು ಶಿಸ್ತಿದೆ. ಈರ್ಯಾಸಮಿತಿ ಎಂಬ ಆ ನಿಯಮದಂತೆ ಮುನಿಗಳು ಹಗಲಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಕಾಲಡಿ ಜೀವ ಸಿಗದಂತೆ ಹೆಜ್ಜೆ ಇಡಬೇಕು. ಮಳೆಗಾಲದಲ್ಲಿ ಜೀವಜಂತು ಹೆಚ್ಚುವುದರಿಂದ ನಾಲ್ಕು ತಿಂಗಳು ಸಂಚಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಇಲ್ಲಿ ನೋಟ ಇರುವುದು ಇನ್ನೊಂದು ಜೀವಕ್ಕೆ ದಾರಿ ಬಿಡುವುದಕ್ಕಾಗಿ. ಸಫಾರಿಯಲ್ಲಿ ಕಣ್ಣು ಜೀವವನ್ನು ಹುಡುಕುವುದು ಅದರ ಹತ್ತಿರ ಹೋಗುವುದಕ್ಕಾಗಿ. ಎರಡೂ ತೀಕ್ಷ್ಣ ನೋಟಗಳೇ, ಆದರೆ ಒಂದಕ್ಕೊಂದು ಎದುರು ದಿಕ್ಕಿಗೆ ನಡೆಯುತ್ತವೆ.

ಈ ವ್ಯತ್ಯಾಸ ಕಾಡಿನ ದಾರಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಗಮನಿಸಬೇಕು. ಮಣ್ಣಿನ ದಾರಿಯ ಮೇಲೆ ಹುಲಿಯ ಹೆಜ್ಜೆ ಬಿದ್ದಿರುತ್ತದೆ. ಅದರ ಮೇಲೆ ಟೈರಿನ ಗುರುತು ಇಲ್ಲವೆಂದರೆ, ಹುಲಿ ನಡೆದದ್ದು ಹಿಂದಿನ ಜೀಪು ಹೋದ ಮೇಲೆ ಎಂದು ಚಾಲಕನಿಗೆ ಗೊತ್ತಾಗುತ್ತದೆ. ಎಂಜಿನ್ ಆರಿಸಿ ಕಿವಿಗೊಡುತ್ತಾನೆ. ಮರದ ತುದಿಯಿಂದ ಮುಸುವ ಕೆಮ್ಮಿದ ಹಾಗೆ ಕೂಗುತ್ತದೆ. ಸ್ವಲ್ಪ ಹೊತ್ತಿಗೆ ಲಂಟಾನದ ಪೊದೆಯಾಚೆ ಕಡವೆಯ ಎಚ್ಚರಿಕೆಯ ದನಿ. ಜಿಂಕೆಗಳು ಮೇವು ಬಿಟ್ಟು ಕತ್ತೆತ್ತಿ ಒಂದೇ ಕಡೆ ನೋಡುತ್ತ ನಿಲ್ಲುತ್ತವೆ. ಈವರೆಗಿನದು ಕಾಡನ್ನು ಓದುವ ವಿದ್ಯೆ; ಸಫಾರಿಯಲ್ಲಿ ನಿಜಕ್ಕೂ ಕಲಿಯುವಂಥದ್ದು ಏನಾದರೂ ಇದ್ದರೆ ಅದು ಈ ನಿಮಿಷಗಳಲ್ಲಿದೆ. ಆಮೇಲೆ ಹುಲಿ ದಾರಿಗೆ ಬರುತ್ತದೆ. ಎದುರಿನಿಂದ ಇನ್ನೊಂದು ಜೀಪು, ಹಿಂದಿನಿಂದ ಬಸ್ಸು. ಮುಂದಿನ ಸೀಟಿನವರು ಎದ್ದು ನಿಲ್ಲುತ್ತಾರೆ, ಹಿಂದಿನವರು ಕೂರಲು ಹೇಳುತ್ತಾರೆ, ಚಾಲಕ ಎಲ್ಲರಿಗೂ ಕಾಣಲೆಂದು ಗಾಡಿಯನ್ನು ಒಂದಿಷ್ಟು ಮುಂದಕ್ಕೆ ತರುತ್ತಾನೆ. ಹೊಂಚು ಹಾಕುತ್ತಿದ್ದ ಹುಲಿಯಾದರೆ ಅದರ ಬೇಟೆ ಅಲ್ಲಿಗೆ ಮುಗಿಯಿತು. ಮರಿಗಳನ್ನು ದಾರಿ ದಾಟಿಸುತ್ತಿದ್ದ ತಾಯಿಯಾದರೆ ಅರ್ಧ ಮರಿಗಳು ಈಚೆ, ಅರ್ಧ ಆಚೆ.

ಇಲ್ಲಿ ಯಾವ ಒಬ್ಬ ಪ್ರವಾಸಿಯ ಮೇಲೂ ತಪ್ಪು ಹೊರಿಸಲಾಗದು. ಪ್ರತಿಯೊಬ್ಬರೂ ಮಾಡಿದ್ದು ಕುತ್ತಿಗೆ ಚಾಚಿ ನೋಡಿದ್ದಷ್ಟೇ. ಆದರೆ ಹುಲಿಯ ಪಾಲಿಗೆ ಅದು ಬಿಡಿಬಿಡಿ ನೋಟಗಳಾಗಿ ಬರುವುದಿಲ್ಲ. ನೆನ್ನೆಯ, ಇವತ್ತಿನ, ನಾಳೆಯ ಗಾಡಿಗಳು ಸೇರಿ ಅದರ ಬದುಕಿನ ಒಂದು ಭಾಗವೇ ಆಗಿಬಿಡುತ್ತವೆ. ಎಲ್ಲರೂ ನಿರಪರಾಧಿಗಳಾಗಿದ್ದೂ ಒಟ್ಟಿನಲ್ಲಿ ಅಪರಾಧ ನಡೆಯುವ ಈ ಬಗೆಗೆ ಹಳೆಯ ನೀತಿಶಾಸ್ತ್ರಗಳಲ್ಲಿ ಸಿದ್ಧ ಉತ್ತರ ಕಡಿಮೆ. ಪ್ರಮಾದದ ವಿಚಾರವೇ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ: ತನ್ನಂಥವರು ಎಷ್ಟು ಜನ ಇದೇ ಜಾಗಕ್ಕೆ ಬರುತ್ತಾರೆ ಎಂಬ ಅರಿವನ್ನೂ ಆ ಎಚ್ಚರದೊಳಗೆ ಸೇರಿಸಿಕೊಳ್ಳಬೇಕಾಗುತ್ತದೆ.

ಸಫಾರಿಯ ಪ್ರವಾಸಿ ಬರೀ ಸಾಕ್ಷಿ, ಕರ್ತೃವಲ್ಲ ಎಂಬ ವಾದವೂ ಉಂಟು. ಸಾಕ್ಷಿಭಾವಕ್ಕೆ ಭಾರತೀಯ ದರ್ಶನಗಳಲ್ಲಿ ದೊಡ್ಡ ಸ್ಥಾನವಿದೆ. ಮುಂಡಕೋಪನಿಷತ್ತಿನಲ್ಲಿ ಒಂದೇ ಮರದ ಮೇಲೆ ಎರಡು ಹಕ್ಕಿಗಳು. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತಿರುತ್ತದೆ. ಆದರೆ ಎರಡನೆಯ ಹಕ್ಕಿಯ ಹಿರಿಮೆ ಇರುವುದು ಅದಕ್ಕೆ ಏನೂ ಬೇಕಾಗಿಲ್ಲ ಎಂಬುದರಲ್ಲಿ. ಹಣ ಕೊಟ್ಟು, ನಿದ್ದೆ ಬಿಟ್ಟು, ನೂರಾರು ಕಿಲೋಮೀಟರ್ ಬಂದವರಿಗೆ ಹುಲಿ ಬೇಕಾಗಿರುತ್ತದೆ. ಕಾಣದಿದ್ದರೆ ಮೋಸವಾಯಿತು ಎನಿಸುತ್ತದೆ. "ಸೈಟಿಂಗ್ ಆಯ್ತಾ?" ಎನ್ನುವುದೇ ಹೊರಬಂದವರಿಗೆ ಎದುರಾಗುವ ಮೊದಲ ಪ್ರಶ್ನೆ. ಹುಲಿ ತೋರಿಸಿದ ಚಾಲಕನಿಗೆ ಭಕ್ಷೀಸು ಹೆಚ್ಚು; ತೋರಿಸದವನು ಅಂದು ಮುಖ ಸಪ್ಪೆ ಮಾಡಿಕೊಂಡು ಗಾಡಿ ತೊಳೆಯುತ್ತಾನೆ. ಆನೆಯ ಹಿಂಡು, ಕಾಟಿ, ಸೀಳುನಾಯಿ, ಮರಕುಟಿಗಗಳನ್ನು ಕಂಡ ಬೆಳಗೂ ಖಾಲಿ ಬೆಳಗಾಗಿಬಿಡುತ್ತದೆ. ಇದನ್ನು ಸಾಕ್ಷಿಭಾವ ಎನ್ನಲಾಗದು. ದೋಷ ಕಣ್ಣಿನಲ್ಲಿಲ್ಲ, ಕಾಣಲೇಬೇಕೆಂಬ ಹಕ್ಕೊತ್ತಾಯದಲ್ಲಿದೆ. ಚಾಲಕ ಗಾಡಿಯನ್ನು ಮುಂದಕ್ಕೆ ತಳ್ಳುವುದೂ ಅದರ ಒತ್ತಡಕ್ಕೇ.

ಕಾಡಿನ ಭೇಟಿಯನ್ನು ದೇವಸ್ಥಾನದ ಭೇಟಿಯಂತೆ ಕಾಣುವವರೂ ಬಹಳ ಜನ. ಮೌನವಾಗಿ ಹೋಗಿ, ಕಂಡು, ಕೃತಜ್ಞತೆಯಿಂದ ಮರಳುವ ಮನಸ್ಸು ಅದು, ಗೌರವಕ್ಕೆ ಅರ್ಹವಾದದ್ದು. ಆದರೂ ಎರಡರ ನಡುವೆ ದೊಡ್ಡ ಅಂತರವಿದೆ. ಗುಡಿಯಲ್ಲಿ ಮೂರ್ತಿಯನ್ನು ಪ್ರತಿಷ್ಠಾಪಿಸುವುದೇ ಜನ ಬಂದು ಕಾಣಲೆಂದು. ಉತ್ಸವಮೂರ್ತಿ ಬೀದಿಗೆ ಬರುವುದೂ, ಗರ್ಭಗುಡಿಗೆ ಬರಲಾಗದವರಿಗೂ ದೇವರು ಕಾಣಲಿ ಎಂದು. ಅಂಥ ದೇವರಿಗೂ ತೆರೆ ಎಳೆಯುವ ಹೊತ್ತಿದೆ, ನೈವೇದ್ಯಕ್ಕೆ ಬಾಗಿಲು ಮುಚ್ಚುವ, ಶಯನಕ್ಕೆ ಕದವಿಕ್ಕುವ ಪದ್ಧತಿ ಇದೆ. ಆಗ ಎಂಥ ಭಕ್ತನೂ ಹೊರಗೆ ನಿಂತು ಕಾಯುತ್ತಾನೆ. ಹುಲಿಯನ್ನು ಯಾರೂ ಕಾಣಿಸಿಕೊಳ್ಳಲೆಂದು ಪ್ರತಿಷ್ಠಾಪಿಸಿಲ್ಲ. ಅಡಗಿರುವುದೇ ಅದರ ಬದುಕು, ಮೈಮೇಲಿನ ಪಟ್ಟೆ ಇರುವುದೇ ಅದಕ್ಕಾಗಿ. ಕಾಣಿಸಿಕೊಳ್ಳದೆ ಇರುವ ಹಕ್ಕು ಪ್ರಾಣಿಗಿದೆ ಎನ್ನುವುದಾದರೆ ಕಾಡಿಗೂ ಬಾಗಿಲು ಮುಚ್ಚುವ ಹೊತ್ತು ಬೇಕು. 2009ರಿಂದ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಇರುವ ನಿರ್ಬಂಧ ಅಂಥದ್ದೇ. ಕೇರಳದ ಕಡೆಯ ವ್ಯಾಪಾರಿಗಳು, ಪ್ರಯಾಣಿಕರಿಂದ ಅದಕ್ಕೆ ಸತತ ವಿರೋಧ ಬಂದಿದ್ದರೂ ಆ ಕದ ತೆರೆಯದೆ ಉಳಿದಿರುವುದು ದೊಡ್ಡ ಸಂಗತಿ.

ಹುಲಿಯನ್ನು ಪೂಜಿಸುವುದಕ್ಕೆ ಅದನ್ನು ಕಾಣಲೇಬೇಕೆಂದಿಲ್ಲ ಎಂಬುದನ್ನು ಈ ಕಾಡುಗಳ ಮೂಲ ನಿವಾಸಿಗಳು ಬಲ್ಲರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿವೀರಪ್ಪನನ್ನು ಪೂಜಿಸುತ್ತಾರೆ. ಹುಲಿಯ ದಾರಿ ಗೊತ್ತಿದ್ದವರು ಆ ದಾರಿಯಿಂದ ಸರಿದು ನಡೆಯುತ್ತಾರೆ. ಎದುರಾಗದಿರುವುದರಲ್ಲಿ ಇಬ್ಬರಿಗೂ ಕ್ಷೇಮ. ಆ ಬೆಟ್ಟದಲ್ಲಿ ಹುಲಿ ಸಂರಕ್ಷಿತ ಪ್ರದೇಶ ಘೋಷಣೆಯಾದ ಮೇಲೂ 2011ರಲ್ಲಿ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ನಾಗರಹೊಳೆಯ ಜೇನುಕುರುಬರ ಕಥೆ ಬೇರೆ. ವನ್ಯಜೀವಿಗಳಿಗೆ ಜಾಗ ಬೇಕೆಂದು ಅವರ ಅನೇಕ ಹಾಡಿಗಳನ್ನು ಎಬ್ಬಿಸಿದ ಕಾಡಿನಲ್ಲೇ ಪ್ರವಾಸಿಗಳ ಗಾಡಿ ಓಡುತ್ತದೆ. ಅಲ್ಲೇ ಹುಟ್ಟಿದವರಿಗೆ ಇಲ್ಲದ ಪ್ರವೇಶ ಟಿಕೆಟ್ ಕೊಂಡವರಿಗೆ ಇರುವುದನ್ನು ಯಾವ ಧರ್ಮದ ಲೆಕ್ಕದಲ್ಲೂ ನ್ಯಾಯ ಎನ್ನುವುದು ಕಷ್ಟ.

ಪೂಜೆಯೊಂದರಿಂದಲೇ ಪ್ರಾಣಿ ಉಳಿಯುತ್ತದೆ ಎಂದು ನಂಬುವುದೂ ತಪ್ಪು. ಮಲೆ ಮಹದೇಶ್ವರ ಹುಲಿಯ ಮೇಲೆ ಕೂತು ಬೆಟ್ಟ ಸುತ್ತಿದ ದೇವರು. ಅವನ ಚಿತ್ರವಿಲ್ಲದ ಮನೆ ಆ ಸೀಮೆಯಲ್ಲಿ ಅಪರೂಪ. ಅದೇ ಮಲೆ ಮಹದೇಶ್ವರ ವನ್ಯಧಾಮದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಪ್ರಾಶನದಿಂದ ಸತ್ತವು. ದನ ಕಳೆದುಕೊಂಡವರ ಸಿಟ್ಟಿನ ಮುಂದೆ ದೇವರ ವಾಹನವೆಂಬ ಭಾವ ನಿಲ್ಲಲಿಲ್ಲ.

ಸಫಾರಿಯ ಪರವಾದ ಬಲವಾದ ವಾದ ಇಲ್ಲಿಂದಲೇ ಹುಟ್ಟುತ್ತದೆ. ಕಾಡಿನಿಂದ ಜನರಿಗೆ ಆದಾಯ ಬಂದರೆ ಕಾಡು ಉಳಿಯುತ್ತದೆ. ಚಾಲಕರು, ಗೈಡುಗಳು, ಹೋಟೆಲಿನವರು ಆ ಆದಾಯದಿಂದ ಬದುಕುತ್ತಾರೆ. ಪ್ರವಾಸಿಗಳ ಓಡಾಟ ಇರುವಲ್ಲಿ ಕಳ್ಳಬೇಟೆ ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ನಗರದ ಮಗುವೊಂದು ಕಾಡಾನೆ ಮರಿಗೆ ಹಾಲೂಡಿಸುವುದನ್ನು ಕಣ್ಣಾರೆ ಕಂಡರೆ ಮುಂದೆ ರೈಲುಮಾರ್ಗಕ್ಕೋ ಗಣಿಗೋ ಕಾಡು ಬಿಟ್ಟುಕೊಡುವ ಮಾತು ಬಂದಾಗ ಅದು ಸುಮ್ಮನಿರಲಾರದು. ಈ ವಾದದಲ್ಲಿ ಸತ್ಯವಿದೆ. ಕರ್ನಾಟಕದ ವನ್ಯಜೀವಿ ಸಂರಕ್ಷಣೆಗೆ ದುಡಿದ ಅನೇಕರು ಮೊದಲು ಬರೀ ನೋಡುಗರಾಗಿಯೇ ಕಾಡಿಗೆ ಬಂದವರು. ಆದರೆ ನೋಟದಿಂದ ಪ್ರೀತಿ ತಾನಾಗಿ ಹುಟ್ಟುತ್ತದೆ ಎನ್ನಲಾಗದು. ಬಂಡೀಪುರದಲ್ಲಿ ಗಾಡಿಗಳಿಗೆ ಅಂಜದೆ ಕಾಣಿಸಿಕೊಳ್ಳುತ್ತಿದ್ದ ಗಂಡು ಹುಲಿಯೊಂದಕ್ಕೆ ಪ್ರವಾಸಿಗಳು, ಛಾಯಾಗ್ರಾಹಕರು ಪ್ರೀತಿಯಿಂದ 'ಪ್ರಿನ್ಸ್' ಎಂದು ಹೆಸರಿಟ್ಟಿದ್ದರು. 2017ರಲ್ಲಿ ಅದು ಸತ್ತಾಗ ಅನೇಕರು ನಿಜವಾಗಿಯೂ ದುಃಖಪಟ್ಟರು. ಒಂದು ಹುಲಿಗಾಗಿ ಮರುಗಿದ ಆ ಮನಸ್ಸು, ಯಾರಿಗೂ ಕಾಣಿಸಿಕೊಳ್ಳದೆ, ಹೆಸರಿಲ್ಲದೆ ಬದುಕುವ ಹುಲಿಗಳಿಗೂ ಮಿಡಿದರೆ ಮಾತ್ರ ಈ ವಾದ ನಿಲ್ಲುತ್ತದೆ.

ಹಾಗಾದರೆ ಮಿತಿ ಎಷ್ಟು, ಅದನ್ನು ಯಾರ ಕಡೆಯಿಂದ ನೋಡಿ ಗೊತ್ತುಮಾಡಬೇಕು? ಸುಪ್ರೀಂ ಕೋರ್ಟ್ 2012ರಲ್ಲಿ ಹುಲಿ ಪ್ರದೇಶಗಳ ಒಳಭಾಗದಲ್ಲಿ ಪ್ರವಾಸೋದ್ಯಮಕ್ಕೆ ಕೆಲವು ತಿಂಗಳು ತಡೆ ಹಾಕಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು. ಒಳಭಾಗದ ಶೇ. 20ಕ್ಕಿಂತ ಹೆಚ್ಚು ಜಾಗದಲ್ಲಿ ಪ್ರವಾಸ ಕೂಡದು, ಪ್ರಾಣಿಯಿಂದ ಕನಿಷ್ಠ 20 ಮೀಟರ್ ದೂರವಿರಬೇಕು, ಎರಡು ವಾಹನಗಳ ನಡುವೆ 50 ಮೀಟರ್ ಅಂತರ ಬೇಕು ಎಂಬಂಥ ನಿಯಮಗಳು ಅದರಲ್ಲಿವೆ. ಇವು ಒಳ್ಳೆಯ ನಿಯಮಗಳೇ. ಆದರೆ ಹುಲಿ ಎದುರಾದ ಗಳಿಗೆಯಲ್ಲಿ ಇವುಗಳನ್ನು ಪಾಲಿಸುವುದು ಅಳತೆಪಟ್ಟಿಗಿಂತ ಹೆಚ್ಚಾಗಿ ಗಾಡಿಯಲ್ಲಿ ಕೂತವರ ಮನಸ್ಸಿಗೆ ಬಿಟ್ಟದ್ದು.

ಮಹಾಭಾರತದ ವನಪರ್ವದಲ್ಲಿ ಇದಕ್ಕೆ ಹತ್ತಿರವಾದ, ಅಷ್ಟಾಗಿ ಯಾರೂ ನೆನೆಯದ ಪ್ರಸಂಗವೊಂದಿದೆ. ದ್ವೈತವನದಲ್ಲಿ ಪಾಂಡವರು ಬಹುಕಾಲ ಬೇಟೆಯಾಡಿಕೊಂಡು ಇದ್ದಾಗ, ಒಂದು ರಾತ್ರಿ ಧರ್ಮರಾಯನ ಕನಸಿನಲ್ಲಿ ಆ ಕಾಡಿನ ಜಿಂಕೆಗಳು ಅಳುತ್ತ ಬರುತ್ತವೆ. ನಾವು ಉಳಿದಿರುವುದು ಬಿತ್ತನೆಗಷ್ಟೇ, ನೀವು ಬೇರೆಡೆಗೆ ಹೋದರೆ ನಮ್ಮ ಕುಲ ಮತ್ತೆ ಬೆಳೆದೀತು ಎಂದು ಬೇಡಿಕೊಳ್ಳುತ್ತವೆ. ಧರ್ಮರಾಯ ಬೆಳಗ್ಗೆ ತಮ್ಮಂದಿರಿಗೆ ಅದನ್ನು ತಿಳಿಸಿ, ಎಲ್ಲರನ್ನೂ ಕಾಮ್ಯಕವನಕ್ಕೆ ಹೊರಡಿಸುತ್ತಾನೆ. ತಮಗೆ ಆಹಾರ ಬೇಕು, ಕ್ಷತ್ರಿಯನಿಗೆ ಬೇಟೆ ಧರ್ಮ ಎಂಬ ವಾದಗಳೆಲ್ಲ ಅವನಿಗೆ ಲಭ್ಯವಿದ್ದವು, ಒಂದನ್ನೂ ಎತ್ತುವುದಿಲ್ಲ. ಸಾಕು ಎಂಬುದನ್ನು ಅವನು ಜಿಂಕೆಗಳ ಕಡೆಯಿಂದ ಕೇಳಿಸಿಕೊಂಡ. ಸಫಾರಿಯ ಮಿತಿಯೂ ಎಷ್ಟು ಟಿಕೆಟ್ ಮಾರಬಹುದು ಎಂಬಲ್ಲಿಂದ ಹೊರಡದೆ, ಯಾವ ದಾರಿಗೆ ಯಾವ ಋತುವಿನಲ್ಲಿ ವಿಶ್ರಾಂತಿ ಬೇಕು, ಮರಿ ಇರುವ ತಾಯಿ ಎಲ್ಲಿದ್ದಾಳೆ ಎಂಬಲ್ಲಿಂದ ಹೊರಡಬೇಕು.

ಪ್ರಾಣಿಗೆ ಸಲ್ಲಬೇಕಾದದ್ದು ಇಷ್ಟಾದರೆ, ಕಾಡಂಚಿನ ಮನುಷ್ಯರಿಗೆ ಸಲ್ಲಬೇಕಾದದ್ದು ಇನ್ನೊಂದು ಇದೆ. ನಗರದವರು ಹುಲಿ ಕಾಣಲಿ ಎಂದು ಹಾರೈಸುವ ಬೆಳಗಿನಲ್ಲೇ ಗುಂಡ್ಲುಪೇಟೆ, ಸರಗೂರು, ಎಚ್.ಡಿ. ಕೋಟೆಯ ರೈತರು ಹೊಲಕ್ಕೆ ಹೋಗುವಾಗ ಹುಲಿ ಕಾಣದಿರಲಿ ಎಂದು ಹಾರೈಸುತ್ತಾರೆ. 2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಆ ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, ಸಫಾರಿ ಗಾಡಿಗಳ ಹಾವಳಿಯಿಂದಲೇ ಹುಲಿಗಳು ಹೊರಬರುತ್ತಿವೆ ಎಂದು ಹಳ್ಳಿಗರು ದೂರಿದರು. ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಪತ್ತೆಯ ಕೆಲಸಕ್ಕೆ ಹಚ್ಚಿತು. ಹುಲಿಗಳು ಹೊರಬರಲು ಕಾರಣ ಹಲವು: ಹೆಚ್ಚಿದ ಸಂಖ್ಯೆ, ಗಡಿ ಸಿಗದ ಎಳೆಯ ಹುಲಿಗಳು, ಮುದಿಯಾಗಿ ಸೋತವು, ಕಾಡಂಚಿನಲ್ಲಿ ಮೇಯುವ ದನ. ಸಫಾರಿಯೊಂದನ್ನೇ ಕಾರಣ ಮಾಡಲಾಗದು. ಆದರೂ ರೈತರ ದೂರಿನೊಳಗೆ ಒಂದು ನ್ಯಾಯದ ಪ್ರಶ್ನೆ ಇದೆ: ಹುಲಿಯಿಂದ ಬರುವ ಸಂತೋಷ ಒಬ್ಬರಿಗೆ, ಭಯ ಇನ್ನೊಬ್ಬರಿಗೆ ಏಕೆ?

ಅಶೋಕನ ಎಂಟನೆಯ ಬಂಡೆ ಶಾಸನ ಪ್ರವಾಸದ ಬಗೆಗೇ ಇದೆ. ಹಿಂದಿನ ರಾಜರು ಬೇಟೆ ಮೊದಲಾದ ವಿನೋದಗಳಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರೆಂದೂ, ತಾನು ಪಟ್ಟಕ್ಕೆ ಬಂದ ಹತ್ತು ವರ್ಷಗಳ ಬಳಿಕ ಅದನ್ನು ಬಿಟ್ಟು ಧರ್ಮಯಾತ್ರೆ ಆರಂಭಿಸಿದೆನೆಂದೂ ಅವನು ಅದರಲ್ಲಿ ಹೇಳಿಸಿದ್ದಾನೆ. ಬೇಟೆ ಬಿಟ್ಟಷ್ಟಕ್ಕೇ ಅದು ಧರ್ಮಯಾತ್ರೆ ಆಗಲಿಲ್ಲ ಎಂಬುದು ಗಮನಿಸಬೇಕಾದ ಅಂಶ. ಶ್ರಮಣ ಬ್ರಾಹ್ಮಣರ ಭೇಟಿ, ದಾನ, ಹಿರಿಯರ ಭೇಟಿಯ ಜೊತೆಗೆ ಜನಪದದ ಜನರನ್ನು ಕಂಡು ಮಾತಾಡುವುದನ್ನೂ ಅವನು ಸೇರಿಸಿದ. ಒಂದು ದಿನದ ಸಫಾರಿಯಲ್ಲಿ ಮೊದಲ ಅರ್ಧ ಆಗಿದೆ, ಎರಡನೆಯ ಅರ್ಧ ಆಗಿಲ್ಲ. ಬೇಟೆ ಹೋಯಿತು, ಜನಪದದ ಭೇಟಿ ಬರಲಿಲ್ಲ. ಬೆಳಗಿನ ಸಫಾರಿಗೂ ಸಂಜೆಯ ಸಫಾರಿಗೂ ನಡುವೆ ಹಲವು ಗಂಟೆಗಳ ಬಿಡುವಿದೆ. ಪ್ರವಾಸಿಗಳು ಆ ಹೊತ್ತನ್ನು ಹೆದ್ದಾರಿಯ ಹೋಟೆಲುಗಳಲ್ಲೋ, ಗುಂಡ್ಲುಪೇಟೆ ಸುತ್ತಿನ ಚೆಂಡು ಹೂವಿನ, ಸೂರ್ಯಕಾಂತಿಯ ಹೊಲಗಳಲ್ಲಿ ಫೋಟೋ ತೆಗೆಸಿಕೊಂಡೋ ಕಳೆಯುತ್ತಾರೆ. ಆ ಹೊಲದ ಒಡೆಯರು ರಾತ್ರಿ ಅಟ್ಟಣೆಯ ಮೇಲೆ ಕೂತು ಆನೆ, ಹಂದಿ ಕಾಯುವವರು; ಅವರಲ್ಲಿ ಎಷ್ಟೋ ಜನರ ಕೊಟ್ಟಿಗೆಯಿಂದ ಹುಲಿಯೋ ಚಿರತೆಯೋ ದನ ಒಯ್ದದ್ದಿದೆ. ಅವರ ಹತ್ತಿರ ಅರ್ಧ ಗಂಟೆ ಕೂತು, ದನ ಹೋದ ಮೇಲೆ ಪರಿಹಾರದ ಅರ್ಜಿ ಹಿಡಿದು ಎಷ್ಟು ಸಲ ಕಚೇರಿಗೆ ಅಲೆದರು ಎಂದು ಕೇಳುವ ಏರ್ಪಾಡು ಸಫಾರಿಯ ಯಾವ ಪ್ಯಾಕೇಜಿನಲ್ಲೂ ಸೇರಬಹುದು. ಅದಕ್ಕೆ ಕಾಡಿನೊಳಗೆ ಒಂದು ಗಾಡಿಯನ್ನೂ ಹೆಚ್ಚಿಗೆ ಓಡಿಸಬೇಕಾಗಿಲ್ಲ.